ಮುತ್ತಿಗೆ ಮತ್ತು ಹಕ್ಕುಪತ್ರ: ಜಿಯಾಂಗ್‌ಶಿಯಿಂದ ಮಲೆನಾಡಿಗೆ



2025ರ ಜನವರಿ 8ರಂದು ಬೆಂಗಳೂರಿನಲ್ಲಿ, ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ, ಆರು ಮಂದಿ ನಕ್ಸಲರು ಬಂದೂಕಿನ ದಾರಿ ಬಿಟ್ಟು ಸರ್ಕಾರದ ಮುಂದೆ ನಿಂತರು. ಮುಂಡಗಾರು ಲತಾ, ವನಜಾಕ್ಷಿ, ಸುಂದರಿ ಕುತ್ಲೂರು, ಮಾರೆಪ್ಪ ಅರೋಳಿ ನಮ್ಮ ರಾಜ್ಯದವರು. ಜಿಶಾ ಕೇರಳದವರು, ವಸಂತ್ ತಮಿಳುನಾಡಿನವರು. ಫೆಬ್ರವರಿಯ ಮೊದಲ ದಿನಗಳಲ್ಲಿ ಕೋಟೆಹೊಂಡ ರವೀಂದ್ರ ಮತ್ತು ತೊಂಬಟ್ಟು ಲಕ್ಷ್ಮಿ ಕೂಡ ಬಂದರು. ಕರ್ನಾಟಕ ಇನ್ನು ನಕ್ಸಲ್‌ಮುಕ್ತ ಎಂದು ಸರ್ಕಾರ ಸಾರಿತು. ಮಲೆನಾಡಿನ ಕಾಡಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ಕಾಳಗದ ಕೊನೆ ಇದು. ಆ ಕೊನೆ ಮಾತುಕತೆಯಲ್ಲಿ ಆಯಿತೆಂಬುದು ನನಗೆ ನಿಜವಾದ ಸಮಾಧಾನ ತಂದಿದೆ.

ಬಂಡಾಯದ ನೆಲೆಯೊಂದನ್ನು ಪ್ರಭುತ್ವ ಗೆದ್ದಿತು ಎಂದು ಯಾವಾಗ ಹೇಳಬಹುದು? ಬಂದೂಕು ಹಿಡಿದವರು ಕಾಡಿನಿಂದ ಹೋದಾಗಲೇ, ಅಥವಾ ಅವರನ್ನು ಆ ಕಾಡಿಗೆ ಕರೆತಂದ ನೆಲದ ಲೆಕ್ಕ ತೀರಿದಾಗಲೇ? ಇಂದಿನ ದತ್ತಿ ಉಪನ್ಯಾಸದ ಪ್ರಶ್ನೆ ಇದು. ಎರಡನೆಯದೇ ಸರಿಯೆಂಬುದು ನನ್ನ ನಿಲುವು. ಅದಕ್ಕೆ ಬೇಕಾದ ಸಾಕ್ಷ್ಯ ಬಹುದೂರದ ಒಂದು ದೇಶದಲ್ಲೂ ಇದೆ, ನಮ್ಮದೇ ಕಂದಾಯ ಕಚೇರಿಗಳಲ್ಲೂ ಇದೆ. ಮೊದಲು ದೂರದ್ದನ್ನು ನೋಡೋಣ.

1931ರ ನವೆಂಬರ್ 7ರಂದು ದಕ್ಷಿಣ ಚೀನಾದ ಜಿಯಾಂಗ್‌ಶಿ ಪ್ರಾಂತದ ರುಯಿಜಿನ್ ಎಂಬ ಸಣ್ಣ ಊರಿನಲ್ಲಿ ಕಮ್ಯುನಿಸ್ಟರು ತಮ್ಮದೇ ಗಣರಾಜ್ಯವನ್ನು ಘೋಷಿಸಿದರು. ಜಿಯಾಂಗ್‌ಶಿ ಮತ್ತು ಫೂಜಿಯಾನ್ ಪ್ರಾಂತಗಳ ನಡುವಿನ ಗುಡ್ಡಗಾಡು ಅವರ ನೆಲೆ. ಜಮೀನ್ದಾರರ ಭೂಮಿಯನ್ನು ಹಂಚಿದ್ದು ಅವರ ಬಲ. ಚಿಯಾಂಗ್ ಕೈ-ಶೆಕ್‌ರ ರಾಷ್ಟ್ರೀಯ ಸರ್ಕಾರ 1930ರ ಕೊನೆಯಿಂದ 1934ರವರೆಗೆ ಐದು ಬಾರಿ ಈ ನೆಲೆಯನ್ನು ಸುತ್ತುವರಿದು ಅಳಿಸಲು ದಂಡೆತ್ತಿ ಹೋಯಿತು. ಮೊದಲ ಬಾರಿ ಸುಮಾರು ಒಂದು ಲಕ್ಷ ಸೈನಿಕರು, ಎರಡನೆಯ ಬಾರಿ ಎರಡು ಲಕ್ಷ, ಮೂರನೆಯ ಬಾರಿ ಮೂರು ಲಕ್ಷ. ಮೂರೂ ಸಲ ಬಂಡಾಯಗಾರರು ಶತ್ರುವನ್ನು ತಮ್ಮ ಗುಡ್ಡಗಳ ಒಳಕ್ಕೆ ಬರಗೊಟ್ಟು, ಒಂಟಿಯಾಗಿ ಸಿಕ್ಕ ತುಕಡಿಗಳನ್ನು ಮುರಿದರು. ಯಾವ ಕಣಿವೆಯಲ್ಲಿ ಯಾವ ತುಕಡಿ ಇದೆಯೆಂದು ಅವರಿಗೆ ಹಳ್ಳಿಯವರೇ ಹೇಳುತ್ತಿದ್ದರು. ಸರ್ಕಾರದ ಸೇನಾಪತಿಗೆ ಹೇಳುವವರು ಯಾರೂ ಇರಲಿಲ್ಲ. ಮೂರನೆಯ ದಾಳಿ ನಡೆಯುತ್ತಿದ್ದಾಗ, 1931ರ ಸೆಪ್ಟೆಂಬರ್ 18ರಂದು, ಜಪಾನ್ ಮಂಚೂರಿಯಾದ ಮೇಲೆ ಕೈಯಿಟ್ಟಿತು; ಚಿಯಾಂಗರ ಗಮನ ಅತ್ತ ತಿರುಗಿ ಆ ದಾಳಿಯೂ ನಿಂತಿತು. 1933ರ ವಸಂತದ ವೇಳೆಗೆ ನಾಲ್ಕನೆಯ ದಾಳಿಯೂ ಮುರಿದುಬಿತ್ತು.

ಐದನೆಯದರ ರೀತಿಯೇ ಬೇರೆ. 1933ರ ಶರತ್ಕಾಲದಲ್ಲಿ ಆರಂಭವಾದ ಈ ದಾಳಿಗೆ ಚಿಯಾಂಗ್ ಐದು ಲಕ್ಷಕ್ಕೂ ಮಿಗಿಲಾದ ಪಡೆಯನ್ನು ಕೂಡಿಸಿದರು. ಫಾನ್ ಜೆಕ್ಟ್‌ರಂಥ ಜರ್ಮನ್ ಸೇನಾನಿಗಳ ಸಲಹೆ ಪಡೆದರು. ಸೇನೆ ಧಾವಿಸಲಿಲ್ಲ. ಕೆಲವು ಮೈಲಿ ಮುಂದೆ ಹೋಗುವುದು, ಅಲ್ಲೇ ನಿಂತು ಕಲ್ಲುಮಣ್ಣಿನ ಕಾವಲು ಕೋಟೆಗಳನ್ನು ಕಟ್ಟುವುದು, ಹಿಂದೆ ರಸ್ತೆ ಮಾಡಿಕೊಳ್ಳುವುದು, ಆಮೇಲೆ ಮತ್ತೆ ಕೆಲವು ಮೈಲಿ. ಅಂಥ ಸಾವಿರಾರು ಕೋಟೆಗಳು ನೆಲೆಯ ಸುತ್ತ ಎದ್ದವು. ಉಪ್ಪು, ಸೀಮೆಎಣ್ಣೆ, ಬಟ್ಟೆ, ಔಷಧಿ ಒಳಗೆ ಹೋಗದಂತೆ ತಡೆದರು. ಹಳೆಯ ಬಾವ್‌ಜಿಯಾ ಪದ್ಧತಿಗೆ ಮತ್ತೆ ಜೀವ ಕೊಟ್ಟು, ಮನೆಮನೆಯನ್ನು ಗುಂಪಾಗಿ ದಾಖಲಿಸಿ, ಒಬ್ಬನ ತಪ್ಪಿಗೆ ಗುಂಪನ್ನೇ ಹೊಣೆ ಮಾಡಿದರು. ಈ ಯುದ್ಧ ಮೂರು ಪಾಲು ಸೈನಿಕ, ಏಳು ಪಾಲು ರಾಜಕೀಯ ಎಂಬುದು ಆಗಿನ ಅಧಿಕೃತ ಘೋಷವಾಗಿತ್ತು.

ನೆಲೆಯ ಒಳಗೂ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ದ್ರೋಹ. 1930ರ ಡಿಸೆಂಬರಿನ ಫೂಟಿಯಾನ್ ಘಟನೆಯ ಆಸುಪಾಸಿನಲ್ಲಿ ತಮ್ಮವರನ್ನೇ ಗೂಢಚಾರರೆಂದು ಹಿಡಿದು ಕೊಂದವರ ಸಂಖ್ಯೆ ಸಾವಿರಗಟ್ಟಲೆ. 1933ರ ಭೂತನಿಖೆಯಲ್ಲಿ ಮಧ್ಯಮ ರೈತರಿಗೂ ವರ್ಗಶತ್ರುಗಳ ಹಣೆಪಟ್ಟಿ ಬಿತ್ತು. ಸೈನ್ಯ ಭರ್ತಿಯ ಒತ್ತಾಯಕ್ಕೆ ಹೊಲದಲ್ಲಿ ಗಂಡಾಳು ಇಲ್ಲದಂತಾಯಿತು. ಮಾಸ್ಕೋದ ಕಡೆಯಿಂದ ಬಂದ ಓಟ್ಟೊ ಬ್ರೌನ್‌ರ ಸಲಹೆಯಂತೆ ಎದುರುಬದುರು ನಿಂತು ಕಾದಾಡಿದ್ದರಿಂದ 1934ರ ಏಪ್ರಿಲ್‌ನಲ್ಲಿ ಗ್ವಾಂಗ್‌ಚಾಂಗ್ ಪಟ್ಟಣ ಕೈಬಿಟ್ಟಿತು. ಅಕ್ಟೋಬರ್‌ನಲ್ಲಿ ಸುಮಾರು 86,000 ಮಂದಿ ಮುತ್ತಿಗೆಯನ್ನು ಭೇದಿಸಿ ಹೊರಟರು. ಶಿಯಾಂಗ್ ನದಿ ದಾಟುವಾಗಲೇ ಅರ್ಧಕ್ಕೂ ಹೆಚ್ಚು ಕರಗಿಹೋಯಿತು. ಒಂದು ವರ್ಷದ ನಂತರ ಉತ್ತರದ ಶಾನ್‌ಶಿಯನ್ನು ಮುಟ್ಟಿದವರು ಏಳೆಂಟು ಸಾವಿರ.

ನಕಾಶೆಯ ಮಟ್ಟಿಗೆ ಅದು ಪೂರ್ಣ ವಿಜಯ. ಆದರೆ ಆ ಏಳು ಪಾಲು ರಾಜಕೀಯದಲ್ಲಿ ಏನಿತ್ತು? ಎಣಿಕೆ, ಕಾವಲು, ಶಿಸ್ತು ಇತ್ತು; ನೆಲದ ಪ್ರಶ್ನೆ ಇರಲಿಲ್ಲ. ಹಂಚಿಹೋಗಿದ್ದ ಭೂಮಿ ಹೆಚ್ಚಿನ ಕಡೆ ಹಳೆಯ ಒಡೆಯರ ಕೈಗೇ ಮರಳಿತು. ಉಳುವವನಿಗೆ ಭೂಮಿ ಎಂಬುದು ಚಿಯಾಂಗರ ಪಕ್ಷವನ್ನು ಕಟ್ಟಿದ ಸನ್ ಯಾತ್-ಸೆನ್ ಅವರೇ ಬಿಟ್ಟುಹೋದ ಉಪದೇಶ. ಹದಿನೈದು ವರ್ಷ ಅದು ಕಡತದಲ್ಲೇ ಉಳಿಯಿತು. 1949ರಲ್ಲಿ ಆ ಸರ್ಕಾರ ಇಡೀ ಚೀನಾವನ್ನು ಕಳೆದುಕೊಂಡು ತೈವಾನ್ ದ್ವೀಪ ಸೇರಿತು.

ಇಲ್ಲಿ ಒಬ್ಬ ವ್ಯಕ್ತಿಯ ಕಡೆ ತಮ್ಮ ಗಮನ ಸೆಳೆಯುತ್ತೇನೆ. ನಾಲ್ಕನೆಯ ದಾಳಿಯಲ್ಲಿ ಸೋತು, ಐದನೆಯದರಲ್ಲಿ ಮುಖ್ಯ ಪಡೆಯೊಂದನ್ನು ನಡೆಸಿದ ಸೇನಾನಿ ಚೆನ್ ಚೆಂಗ್. ವಶವಾದ ಊರುಗಳಲ್ಲಿ ಬಂಡಾಯ ಸರ್ಕಾರದ ಕಾಗದಪತ್ರಗಳು ರಾಶಿರಾಶಿ ಸಿಕ್ಕವು. ಭೂಹಂಚಿಕೆಯ ನಿಯಮ, ಸಭೆಗಳ ನಡಾವಳಿ, ತನಿಖೆಯ ವರದಿ, ಎಲ್ಲವನ್ನೂ ಅವರು ಸಂಗ್ರಹಿಸಿ ಕಾಪಾಡಿದರು. ಜಿಯಾಂಗ್‌ಶಿಯ ಬಗ್ಗೆ ವಿದ್ವಾಂಸರ ಬರವಣಿಗೆಗೆ ಮುಖ್ಯ ಆಧಾರಗಳಲ್ಲಿ ಆ ಸಂಗ್ರಹವೂ ಒಂದು. 1949ರಲ್ಲಿ ಚೆನ್ ಚೆಂಗ್ ತೈವಾನಿನ ರಾಜ್ಯಪಾಲರಾದರು. ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಗೇಣಿಯನ್ನು ಮುಖ್ಯ ಬೆಳೆಯ ಶೇ. 37.5ಕ್ಕೆ ಮಿತಿಗೊಳಿಸಿದ್ದು. 1953ರಲ್ಲಿ, ಅವರು ಪ್ರಧಾನಿಯಾಗಿದ್ದಾಗ, ಉಳುವವನಿಗೆ ಭೂಮಿ ಕೊಡುವ ಕಾನೂನು ಬಂತು. ಮುತ್ತಿಗೆ ಹಾಕಿದ ಕೈಯೇ ಕೊನೆಗೆ ಗೇಣಿದಾರನಿಗೆ ಪತ್ರ ಕೊಟ್ಟಿತು. ಶತ್ರುವಿನ ಕಾಗದಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಟ್ಟ ಮನುಷ್ಯನಿಗೆ ಅವು ಏನನ್ನೋ ಕಲಿಸಿರಬೇಕು ಎಂಬುದು ನನ್ನ ಊಹೆ.

ಈಗ ನಮ್ಮ ನಾಡಿಗೆ ಬರೋಣ. ಕಮ್ಯುನಿಸ್ಟ್ ನೆಲೆಯ ಮೇಲೆ ಸೇನೆ ನಡೆದ ಚರಿತ್ರೆ ನಮ್ಮ ಎಲ್ಲೆಗೂ ತಾಗಿದೆ. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದ ತೆಲಂಗಾಣ ಭಾಗದಲ್ಲಿ 1946ರಿಂದ ಸಶಸ್ತ್ರ ರೈತ ಹೋರಾಟ ನಡೆಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆಯನ್ನು ಕೊನೆಗೊಳಿಸಿದ ಭಾರತೀಯ ಸೇನೆ, ಅನಂತರ ಅದೇ ಹಳ್ಳಿಗಳಲ್ಲಿ ಕಮ್ಯುನಿಸ್ಟ್ ದಳಗಳನ್ನು ಎದುರಿಸಿತು. ಅದರ ಜೊತೆಜೊತೆಗೇ 1949ರಲ್ಲಿ ಜಾಗೀರು ರದ್ದತಿ, 1950ರಲ್ಲಿ ಗೇಣಿ ಕಾನೂನು ಬಂದವು. ದಳಗಳು 1951ರಲ್ಲಿ ಹೋರಾಟ ಹಿಂತೆಗೆದವು. ಅದೇ 1951ರಲ್ಲಿ ಮೈಸೂರು ರಾಜ್ಯದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬಂದೂಕಿಲ್ಲದೆ ಹೊಲಕ್ಕಿಳಿದು ಜೈಲಿಗೆ ಹೋದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅವರ ಜೊತೆ ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಕಾಗೋಡಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಪ್ರಕಾರ ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಅಲ್ಲಿಂದ ಗೇಣಿದಾರನಿಗೆ ಹೋಗಬೇಕಿತ್ತು. ತಾಲ್ಲೂಕು ತಾಲ್ಲೂಕಿಗೆ ಭೂನ್ಯಾಯಮಂಡಳಿಗಳು ಬಂದವು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ದಕ್ಷಿಣ ಕನ್ನಡದವರು ಇಂದಿಗೂ ‘ಡಿಕ್ಲರೇಷನ್ ಕೊಟ್ಟ ಕಾಲ’ ಎಂದೇ ಅದನ್ನು ನೆನೆಯುತ್ತಾರೆ. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನ ಬಳಿ ವಕೀಲನಿದ್ದು ಒಕ್ಕಲಿನ ಬಳಿ ಇಲ್ಲದಿದ್ದರೆ ನ್ಯಾಯ ಎತ್ತ ವಾಲುತ್ತದೆಂದು ಕಾನೂನು ಮಾಡಿದವರಿಗೆ ತಿಳಿದಿತ್ತು. ಕರಾವಳಿ ಮತ್ತು ಮಲೆನಾಡಿನಲ್ಲಿ ಗೇಣಿ ಪದ್ಧತಿ ಹೆಚ್ಚು ಬೇರೂರಿತ್ತು. ಕಾನೂನಿನ ಫಲವೂ ಅಲ್ಲೇ ಹೆಚ್ಚು ಕಂಡಿತು. ಅಲ್ಲಿ ಪತ್ರ ಮೊದಲು ಬಂತು, ಮುತ್ತಿಗೆಯ ಅಗತ್ಯ ಬೀಳಲಿಲ್ಲ. ನೆರೆಯ ರಾಜ್ಯಗಳಲ್ಲಿ ನಕ್ಸಲೀಯ ಚಳವಳಿ ಬೇರುಬಿಟ್ಟ ಎಪ್ಪತ್ತರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಅದು ಅಷ್ಟಾಗಿ ನೆಲೆಯೂರದಿರಲು ಇದೊಂದು ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಹಾಗಾದರೆ 2000ದ ನಂತರ, ಅದೇ ಮಲೆನಾಡಿನಲ್ಲಿ, ಬಂದೂಕು ಏಕೆ ಬಂತು? ನನ್ನ ವಾದದ ತಿರುಳು ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡಬೇಕು.

1974ರ ಕಾನೂನು ಒಡೆಯ ಮತ್ತು ಒಕ್ಕಲಿನ ನಡುವಿನ ಲೆಕ್ಕವನ್ನು ತೀರಿಸಿತು. ಘಟ್ಟದ ಅಂಚಿನಲ್ಲಿ, ಕಾಡಿನ ಒಳಗೆ ಬದುಕುತ್ತಿದ್ದ ಮಲೆಕುಡಿಯ, ಗೌಡಲು, ಹಸಲ ಕುಟುಂಬಗಳಿಗೆ ಒಡೆಯನೆಂದರೆ ಅರಣ್ಯ ಇಲಾಖೆ. ಇಲಾಖೆಯ ವಿರುದ್ಧ 7ನೇ ನಮೂನೆ ತುಂಬಲು ಬರುತ್ತಿರಲಿಲ್ಲ. ತಲೆಮಾರುಗಳಿಂದ ಗದ್ದೆ ಮಾಡಿಕೊಂಡು, ಸೀಗೆ, ಜೇನು, ರಾಮಪತ್ರೆ ಆರಿಸಿ ಬದುಕಿದವರ ಹೆಸರು ಪಹಣಿಯಲ್ಲಿ ಇಲ್ಲ. ಇದ್ದರೆ ಅದು ಒತ್ತುವರಿದಾರರ ಪಟ್ಟಿಯಲ್ಲಿ. ಅರಸರ ಸುಧಾರಣೆಯ ಬಗ್ಗೆ ನಾವು ಹೆಮ್ಮೆಯಿಂದ ಮಾತನಾಡುವಾಗ ಈ ಜನ ಆ ಬಾಗಿಲಿನ ಹೊರಗೇ ಉಳಿದರೆಂಬುದನ್ನು ಹೇಳುವುದಿಲ್ಲ. ಹೇಳಬೇಕು.

ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರೂ ಜಿಲ್ಲೆಗಳಿಗೆ ಹಬ್ಬಿದ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಿಸುವ ಮೊದಲ ಅಧಿಸೂಚನೆ 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿತ್ತು. ಒಳಗಿದ್ದವರಿಗೆ ಒಕ್ಕಲೆಬ್ಬಿಸುವ ಭಯ ಹತ್ತಿತು. ಇದೇ ಕಾಡಿನ ನಡುವೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ದಶಕಗಳಿಂದ ಬೆಟ್ಟ ಕೊರೆಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2005ರ ಕೊನೆಗೆ ಅದು ನಿಂತಿತು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಆ ಕಾಡಿನಲ್ಲಿದೆ. ಆದರೆ ಯಂತ್ರಕ್ಕೆ ವರ್ಷಗಟ್ಟಲೆ ಅವಕಾಶ ಕೊಟ್ಟ ಕಾಡು ಗುಡಿಸಲಿಗೆ ಮಾತ್ರ ಜಾಗವಿಲ್ಲ ಎಂದಾಗ, ಆ ಗುಡಿಸಲಿನ ಹುಡುಗ ಹುಡುಗಿಯರು ಯಾರ ಮಾತಿಗೆ ಕಿವಿಗೊಟ್ಟರೆಂಬುದು ಅರ್ಥವಾಗದ ಸಂಗತಿಯೇನಲ್ಲ. ಉದ್ಯಾನ ವಿರೋಧಿ ಹೋರಾಟ ಮೊದಲು ಬಹಿರಂಗವಾಗಿ, ಸಭೆ ಮೆರವಣಿಗೆಗಳಲ್ಲೇ ನಡೆಯಿತು. ಬಂದೂಕು ಆಮೇಲೆ ಬಂತು.

2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದು ಬಳಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಮತ್ತು ಅವರ ಸಂಗಾತಿ ಶಿವಲಿಂಗು ಹತರಾದರು. ಸಾಕೇತ್ ಮೈಸೂರಿನಲ್ಲಿ ಓದಿದವರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಚರಿತ್ರೆಯನ್ನು ‘ಮೇಕಿಂಗ್ ಹಿಸ್ಟರಿ’ ಎಂಬ ಎರಡು ಸಂಪುಟಗಳಲ್ಲಿ ಬರೆದವರು. ಅವರ ದಾರಿಯನ್ನು ಒಪ್ಪದ ವಿದ್ವಾಂಸರೂ ಆ ಸಂಪುಟಗಳನ್ನು ಓದಬೇಕಾಗಿದೆ. ವಾರ ಕಳೆಯುವುದರೊಳಗೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ದಾಳಿ ನಡೆದು ಹಲವರು ಪ್ರಾಣ ಕಳೆದುಕೊಂಡರು. ಸಂಬಳಕ್ಕಾಗಿ ಊರುಬಿಟ್ಟು ಬಂದ ಬಡ ರೈತರ ಮಕ್ಕಳೇ ಆ ಸಮವಸ್ತ್ರದಲ್ಲೂ ಇದ್ದರು. ಅವರ ಸಾವನ್ನು ಯಾವ ಸಿದ್ಧಾಂತದಿಂದಲೂ ಸಮರ್ಥಿಸಲು ನಾನು ಒಪ್ಪುವುದಿಲ್ಲ. ಮುಂದಿನ ವರ್ಷಗಳಲ್ಲಿ, ಪೊಲೀಸರಿಗೆ ಸುಳಿವು ಕೊಟ್ಟರೆಂದು ಆರೋಪಿಸಿ ಕಾಡಿನವರು ಹಳ್ಳಿಯವರನ್ನೇ ಕೊಂದರು. ಕೊಂದದ್ದು ಯಾವ ಜನರ ಹೆಸರಿನಲ್ಲಿ ಕಾಡು ಸೇರಿದ್ದರೋ ಅದೇ ಜನರನ್ನು. ಜಿಯಾಂಗ್‌ಶಿಯ ರೋಗ ಇಲ್ಲೂ ಕಾಣಿಸಿತು.

ಪ್ರಭುತ್ವದ ಕಡೆಯ ಮುತ್ತಿಗೆ ಜಿಯಾಂಗ್‌ಶಿಯ ಪ್ರಮಾಣದ್ದಲ್ಲ. ಕಾರ್ಕಳವನ್ನು ಕೇಂದ್ರವಾಗಿಟ್ಟುಕೊಂಡ ನಕ್ಸಲ್ ನಿಗ್ರಹ ಪಡೆ ಘಟ್ಟದ ತಪ್ಪಲಲ್ಲಿ ಶಿಬಿರಗಳನ್ನು ಹಾಕಿ ಕೂಂಬಿಂಗ್ ನಡೆಸಿತು. ಆದರೂ ಮುತ್ತಿಗೆಯೊಳಗಿನ ಬದುಕಿನ ರೀತಿ ಎಲ್ಲ ಕಡೆಯೂ ಒಂದೇ. ಅಂಗಡಿಯಿಂದ ಸ್ವಲ್ಪ ಹೆಚ್ಚು ಅಕ್ಕಿ ಕೊಂಡರೆ ಒಳಗೆ ಯಾರಿಗೆ ಎಂಬ ಅನುಮಾನ; ರಾತ್ರಿ ಊಟ ಕೇಳಿ ಬಂದವರಿಗೆ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. 2007ರ ಜುಲೈಯಲ್ಲಿ ಅದೇ ಮೆಣಸಿನಹಾಡ್ಯದಲ್ಲಿ ಮತ್ತೆ ಗುಂಡು ಹಾರಿದಾಗ ಸತ್ತವರಲ್ಲಿ ಅಲ್ಲಿನ ಗಿರಿಜನರೂ ಇದ್ದರು. 2012ರಲ್ಲಿ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು ತಂದೆಯೊಂದಿಗೆ ಬಂಧಿಸಿದರು. ಅವರ ಕೋಣೆಯಲ್ಲಿ ಸಿಕ್ಕಿದ ಭಗತ್ ಸಿಂಗರ ಪುಸ್ತಕ, ಊರಿಗೆ ಮೂಲ ಸೌಕರ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕರಿಸುವುದಾಗಿ ಬರೆದ ಪತ್ರ ಸಾಕ್ಷ್ಯಗಳಾದವು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷ ಆ ಮನೆಯನ್ನು ಹಿಂಡಿದ್ದು ಕೂಡ ಕಾರ್ಯಾಚರಣೆಯ ವೆಚ್ಚದಲ್ಲಿ ಸೇರಬೇಕು.

ಇನ್ನು ಬೆಂಗಳೂರು ನಗರದ ಪಾಲು. ಮಲೆನಾಡಿನ ಕಾಡಿಗೂ ಬಸವನಗುಡಿಗೂ ನಡುವೆ ಒಂದು ದಾರಿ ಇತ್ತು, ಅದು ಪತ್ರಿಕೆಯ ದಾರಿ. ಈ ಬಡಾವಣೆಯಿಂದಲೇ ಹೊರಡುತ್ತಿದ್ದ ‘ಲಂಕೇಶ್ ಪತ್ರಿಕೆ’ಯ ಸಂಪಾದಕಿಯಾಗಿದ್ದ ಗೌರಿ ಲಂಕೇಶ್ 2004ರಲ್ಲಿ ಕಾಡಿಗೆ ಹೋಗಿ ಸಾಕೇತ್ ರಾಜನ್‌ರನ್ನು ಭೇಟಿಯಾದರು, ಅಲ್ಲಿ ಕೇಳಿದ್ದನ್ನು ಓದುಗರ ಮುಂದಿಟ್ಟರು. ಶಾಂತಿಗಾಗಿ ನಾಗರಿಕರ ವೇದಿಕೆಯೊಂದು ರೂಪುಗೊಂಡು ಸರ್ಕಾರದೊಡನೆ ಮಾತುಕತೆಗೆ ಯತ್ನಿಸಿತು. 2005ರ ಮೆಣಸಿನಹಾಡ್ಯದ ಗುಂಡು ಆ ಯತ್ನವನ್ನೂ ಮುರಿಯಿತು. ಹತ್ತು ವರ್ಷ ಕಳೆದ ಮೇಲೆ ಅದೇ ದಾರಿ ಮತ್ತೆ ತೆರೆಯಿತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಗೌರಿ ಇವರ ಮಧ್ಯಸ್ಥಿಕೆಯಲ್ಲಿ 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಭೂಗತ ಬದುಕನ್ನು ಬಿಟ್ಟು ಬಂದರು. ಗೌರಿ 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಕೊಲೆಯಾದರು. ಅವರು ಬಿಟ್ಟುಹೋದ ಕೆಲಸವನ್ನು ಲೇಖಕ ಬಂಜಗೆರೆ ಜಯಪ್ರಕಾಶ, ವಕೀಲ ಕೆ.ಪಿ. ಶ್ರೀಪಾಲ್, ಪತ್ರಕರ್ತ ಪಾರ್ವತೀಶ ಬಿಳಿದಾಳೆ ಅವರಿದ್ದ ಶರಣಾಗತಿ ಸಮಿತಿ ಮುಂದುವರಿಸಿತು.

2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಹತರಾದರು. ಏಳು ವಾರ ಕಳೆದ ಮೇಲೆ ಆರು ಮಂದಿ ಬೆಂಗಳೂರಿಗೆ ಬಂದರು. ಗುಂಡೇ ಅವರನ್ನು ಕರೆತಂದಿತೆಂದು ಕೆಲವರು ಹೇಳುತ್ತಾರೆ. ಗುಂಡಿನ ಭಯ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಸಾಕೇತ್ ಸತ್ತಾಗಲೂ ಗುಂಡು ಹಾರಿತ್ತು, ಈದುವಿನಲ್ಲೂ ಹಾರಿತ್ತು. ಆಗ ಯಾರೂ ಬರಲಿಲ್ಲ, ಇನ್ನಷ್ಟು ಜನ ಒಳಗೆ ಹೋದರು. ಈ ಬಾರಿ ಬಂದು ನಿಲ್ಲಲು ಒಂದು ಜಾಗವಿತ್ತು, ನಂಬುವಂಥ ನಾಲ್ಕು ಜನ ನಡುವೆ ಇದ್ದರು, ಸರ್ಕಾರದ ಪುನರ್ವಸತಿ ಯೋಜನೆ ಇತ್ತು. ಇದು ನಿರ್ಣಾಯಕವಾಯಿತೆಂದು ನಾನು ತಿಳಿಯುತ್ತೇನೆ. ಮಧ್ಯ ಭಾರತದ ಬಸ್ತಾರಿನಲ್ಲಿ ಕೆಲವು ಕಿಲೋಮೀಟರಿಗೊಂದು ಭದ್ರತಾ ಶಿಬಿರ, ಅದರ ಹಿಂದೆ ರಸ್ತೆ, ಮತ್ತೆ ಮುಂದಕ್ಕೊಂದು ಶಿಬಿರ ಎಂಬ ರೀತಿಯಲ್ಲಿ ನಡೆದ ಕಾರ್ಯಾಚರಣೆಯನ್ನು ಕಂಡಾಗ ನನಗೆ ಐದನೆಯ ದಾಳಿಯ ಕೋಟೆಗಳು ನೆನಪಾಗುತ್ತವೆ. ಅಲ್ಲಿ 2025ರ ಮೇ 21ರಂದು ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿಯೇ ಹತನಾದ. ಕರ್ನಾಟಕ ತುಳಿದ ದಾರಿಯನ್ನು ದೆಹಲಿ ಗಮನಿಸಬಹುದಿತ್ತು.

ಮಲೆನಾಡಿನಲ್ಲಿ ಮೂರು ಪಾಲು ಮುಗಿದಿದೆ. ಏಳು ಪಾಲಿನ ಗತಿ ಏನು? ಅದರ ಕಾನೂನು 2006ರಿಂದಲೇ ಇದೆ. ಅರಣ್ಯ ಹಕ್ಕು ಕಾಯ್ದೆ, ಕಾಡಿನಲ್ಲಿ ಬದುಕಿದವರಿಗೆ ಆಗಿರುವ ಐತಿಹಾಸಿಕ ಅನ್ಯಾಯವನ್ನು ತನ್ನ ಪೀಠಿಕೆಯಲ್ಲೇ ಒಪ್ಪಿಕೊಳ್ಳುತ್ತದೆ. ಗ್ರಾಮಸಭೆಗೆ ಅರ್ಜಿ ಕೊಟ್ಟು, ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು ಒಪ್ಪಿದರೆ ಹಕ್ಕುಪತ್ರ. ಕರ್ನಾಟಕದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗಿವೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕು. ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬೇಕೆಂದು ನಿಯಮವಿದ್ದರೂ ಕಚೇರಿಯಲ್ಲಿ ಕಾಗದವನ್ನೇ ಕೇಳುತ್ತಾರೆ. ಇಲಾಖೆ ಯಾರನ್ನು ಎಂದೂ ದಾಖಲಿಸಲಿಲ್ಲವೋ ಅವರಿಂದಲೇ ದಾಖಲೆ ಕೇಳುವುದು ನ್ಯಾಯವಲ್ಲ. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಸರ್ವೋಚ್ಚ ನ್ಯಾಯಾಲಯ ಆದೇಶಿಸಿ, ಅದೇ ತಿಂಗಳು 28ರಂದು ತಡೆಹಿಡಿಯಿತು. ಮಲೆನಾಡಿನ ಎಷ್ಟೋ ಮನೆಗಳು ಇಂದು ನಿಂತಿರುವುದು ಆ ತಡೆಯ ಮೇಲೆ.

ಆದ್ದರಿಂದ ಸರ್ಕಾರದ ಮುಂದೆ, ಈ ಸಭೆಯ ಮೂಲಕ, ಎರಡು ಕೋರಿಕೆಗಳನ್ನು ಇಡುತ್ತೇನೆ. ಮೊದಲನೆಯದು, ಕುದುರೆಮುಖ ಉದ್ಯಾನದ ಮೂರು ಜಿಲ್ಲೆಗಳಲ್ಲಿ ತಿರಸ್ಕೃತವಾದ ಅರಣ್ಯ ಹಕ್ಕಿನ ಅರ್ಜಿಗಳನ್ನು, 1974ರ ಭೂನ್ಯಾಯಮಂಡಳಿಗಳು ಮಾಡಿದಂತೆ, ಅರ್ಜಿದಾರನ ಊರಿಗೇ ಹೋಗಿ, ನೆಲ ನೋಡಿ, ಹಿರಿಯರ ಮಾತು ಕೇಳಿ ಮರುವಿಚಾರಣೆ ಮಾಡಬೇಕು. ಉದ್ಯಾನದೊಳಗಿನ ಊರು ಬಿಟ್ಟುಹೋಗಲು ಒಪ್ಪಿದವರಿಗೆ ಪರಿಹಾರ ಪೂರ್ತಿಯಾಗಿ ಸಂದ ಮೇಲೆಯೇ ಮನೆ ಖಾಲಿ ಮಾಡಿಸಬೇಕು. ಎರಡನೆಯದು, ಈ ಇಪ್ಪತ್ತು ವರ್ಷಗಳ ಕಾಗದಗಳದ್ದು. ಠಾಣೆಯ ದಾಖಲೆ, ನ್ಯಾಯಾಲಯದ ಕಡತ, ಶಾಂತಿ ವೇದಿಕೆಯ ಪತ್ರವ್ಯವಹಾರ, ಕಾಡಿನಲ್ಲಿ ಸಿಕ್ಕ ಕರಪತ್ರ, ಹಕ್ಕಿನ ಅರ್ಜಿಗಳು, ಇವನ್ನೆಲ್ಲ ಒಟ್ಟುಗೂಡಿಸಿ ರಾಜ್ಯ ಪತ್ರಾಗಾರಕ್ಕೆ ಸೇರಿಸಿ, ಸಂಶೋಧಕರಿಗೆ ತೆರೆಯಬೇಕು. ಮುಂಡಗಾರು, ಕುತ್ಲೂರು, ಮೆಣಸಿನಹಾಡ್ಯದ ಹಿರಿಯರು ಇನ್ನೂ ಇದ್ದಾರೆ; ಅವರ ಮಾತನ್ನು ಅವರ ನುಡಿಯಲ್ಲೇ ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ. ಈ ದತ್ತಿಯ ಮುಂದಿನ ಉಪನ್ಯಾಸಗಳಲ್ಲಿ ಒಂದನ್ನು ಆ ಹಿರಿಯರಲ್ಲೊಬ್ಬರಿಂದ ಏರ್ಪಡಿಸಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿಸುತ್ತೇನೆ.